ಹಬ್ ಬದಲಿಸುವ ಮುನ್ನ ಬೇರಿಂಗ್ ನೋಡಿ
ವಾಹನ ಪ್ರಶ್ನೋತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಆಟೊಕ್ರಾಸ್ (ಚಿಕ್ಕ ಟ್ರ್ಯಾಕಿನಲ್ಲಿ ಸಮಯ ಅಳೆದು ನಡೆಸುವ ಓಟ) ಕಾರುಗಳ ಹಬ್ (ಚಕ್ರ ಬಿಗಿಯುವ ನಡುಭಾಗ) ಖರ್ಚಿನ ಬಗೆಗಿನ ಪ್ರಶ್ನೆಗಳೇ ಹೆಚ್ಚಾಗಿದ್ದುದರಿಂದ, ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ 2008ರ ಪೆಟ್ರೋಲ್ ಸ್ವಿಫ್ಟ್ ಇದೆ. ಎರಡು ವರ್ಷಗಳಿಂದ ಮಣ್ಣಿನ ಟ್ರ್ಯಾಕಿನ ಆಟೊಕ್ರಾಸ್‌ಗಳಲ್ಲಿ ಅದನ್ನೇ ಓಡಿಸುತ್ತಿದ್ದೇನೆ. ಇಷ್ಟರಲ್ಲಿ ಮೂರು ಸಲ ಮುಂದಿನ ಹಬ್ ಹೋಯಿತು. ಈಗ ಮತ್ತೆ ಬಲಗಡೆಯಿಂದ ಗುಂಯ್ ಎಂಬ ಸದ್ದು ಬರುತ್ತಿದೆ. ಎರಡೂ ಕಡೆಯ ಹಬ್, ಬೇರಿಂಗ್ ಮತ್ತು ನಕಲ್ ಬದಲಿಸಲು ಗ್ಯಾರೇಜಿನವರು ಹದಿನಾಲ್ಕು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಗುಜರಿಯಿಂದ ಹಳೆಯ ಹಬ್ ತಂದು ಹಾಕಿಕೊಳ್ಳಬಹುದೆ? ಖರ್ಚು ಕಡಿಮೆ ಮಾಡಲು ಬೇರೆ ದಾರಿ ಇದೆಯೆ?
– ಒಬ್ಬ ಓದುಗ, ಚಿಕ್ಕಮಗಳೂರು

ಉತ್ತರ: ಮೂರು ಸಲ ಹಬ್ ಹೋಯಿತು ಎಂದು ಬರೆದಿದ್ದೀರಿ. ಆದರೆ ಹೋದದ್ದು ನಿಜವಾಗಿ ಹಬ್ ಆಗಿತ್ತೋ ಬೇರಿಂಗ್ ಆಗಿತ್ತೋ ಎಂಬುದು ಪತ್ರದಲ್ಲಿ ಇಲ್ಲ. ಹಣ ಉಳಿಸುವ ಕೆಲಸ ಆ ಪ್ರಶ್ನೆಯಿಂದಲೇ ಶುರುವಾಗಬೇಕು.

ನಿಮ್ಮ ಕಾರಿನ ಮುಂದಿನ ಚಕ್ರದಲ್ಲಿ ಮೂರು ಭಾಗಗಳು ಒಂದರೊಳಗೊಂದು ಕೂತಿವೆ. ಹೊರಗಿನದು ನಕಲ್. ಸಸ್ಪೆನ್ಷನ್ನಿನ ಸ್ಟ್ರಟ್ ಮತ್ತು ಬಾಲ್ ಜಾಯಿಂಟ್, ಸ್ಟೀರಿಂಗಿನ ಟೈ ರಾಡ್ ಎಲ್ಲವೂ ಬಂದು ಸೇರುವುದು ಇದಕ್ಕೆ. ಅದರ ಗೂಡಿನೊಳಗೆ ಎರಡು ಸಾಲು ಗುಂಡುಗಳಿರುವ ಬೇರಿಂಗನ್ನು ಪ್ರೆಸ್ ಮಾಡಿ ಕೂರಿಸಿ, ಅದು ಜಾರದಂತೆ ಸರ್ಕ್ಲಿಪ್ ಹಾಕಿರುತ್ತಾರೆ. ಆ ಬೇರಿಂಗಿನ ಒಳಕ್ಕೆ ಪ್ರೆಸ್ ಮಾಡಿದ ಭಾಗವೇ ಹಬ್. ಅದರ ತಟ್ಟೆಯ ಮೇಲಿನ ನಾಲ್ಕು ಸ್ಟಡ್‌ಗಳಿಗೆ ಚಕ್ರ ಬಿಗಿಯುತ್ತದೆ. ಈ ಮೂರರಲ್ಲಿ ಸವೆಯುವುದಕ್ಕೆಂದೇ ಇರುವ ಭಾಗ ಬೇರಿಂಗ್ ಒಂದೇ. ಹಬ್ ಮತ್ತು ನಕಲ್ ಹಾಳಾಗುವುದು ಒಂದೋ ದೊಡ್ಡ ಪೆಟ್ಟು ಬಿದ್ದಾಗ, ಇಲ್ಲವೇ ಸದ್ದು ಮಾಡುತ್ತಿರುವ ಬೇರಿಂಗನ್ನು ಲೆಕ್ಕಿಸದೆ ತಿಂಗಳುಗಟ್ಟಲೆ ಓಡಿಸಿದಾಗ. ಆದ್ದರಿಂದ ಮೂರನ್ನೂ ಎರಡೂ ಕಡೆ ಒಟ್ಟಿಗೆ ಬದಲಿಸಿ ಎಂಬ ಸಲಹೆಯನ್ನು, ಪ್ರತಿಯೊಂದನ್ನೂ ಬಿಚ್ಚಿ ನೋಡುವವರೆಗೆ ಒಪ್ಪಬೇಡಿ.

ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಖಾಲಿ ರಸ್ತೆಯಲ್ಲಿ ಐವತ್ತು, ಅರವತ್ತರ ವೇಗದಲ್ಲಿ ಹೋಗುತ್ತಾ ಸ್ಟೀರಿಂಗನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ತಿರುಗಿಸಿ. ಎಡಕ್ಕೆ ತಿರುಗಿಸಿದಾಗ ಭಾರ ಬಲಗಡೆಯ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಏರಿ, ಬಲಕ್ಕೆ ತಿರುಗಿಸಿದಾಗ ಇಳಿದರೆ ಬಲಗಡೆಯ ಬೇರಿಂಗಿನ ಮೇಲೆ ಅನುಮಾನ ಪಡಬಹುದು. ನಂತರ ಕಾರನ್ನು ಜಾಕಿನಿಂದ ಎತ್ತಿ, ಸ್ಟ್ಯಾಂಡ್ ಕೊಟ್ಟು, ಒಂದು ಕೈಯಲ್ಲಿ ಸ್ಟ್ರಟ್ಟಿನ ಸ್ಪ್ರಿಂಗನ್ನು ಹಗುರವಾಗಿ ಹಿಡಿದು ಇನ್ನೊಂದು ಕೈಯಿಂದ ಚಕ್ರವನ್ನು ತಿರುಗಿಸಿ. ಒಳ್ಳೆಯ ಬೇರಿಂಗ್ ಇದ್ದರೆ ಸ್ಪ್ರಿಂಗಿನಲ್ಲಿ ಏನೂ ತಿಳಿಯುವುದಿಲ್ಲ. ಕೆಟ್ಟಿದ್ದರೆ ಮರಳು ಅರೆಯುತ್ತಿರುವಂಥ ಸಣ್ಣ ನಡುಕ ಬೆರಳ ತುದಿಗೆ ಬರುತ್ತದೆ. ಕಿವಿಗಿಂತ ಬೆರಳು ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಉಬ್ಬುತಗ್ಗಾಗಿ ಸವೆದ ಟೈರ್ ಕೂಡ ಬೇರಿಂಗಿನಂತೆಯೇ ಗುಂಯ್‌ಗುಡುತ್ತದೆ. ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿದಾಗ ಸದ್ದೂ ಹಿಂದಕ್ಕೆ ಹೋದರೆ ನಿಮ್ಮ ಖರ್ಚು ಟೈರಿನದ್ದು, ಹಬ್‌ನದ್ದಲ್ಲ.

ಮೂರನೆಯ ಪರೀಕ್ಷೆಗೆ ಇನ್ನೊಬ್ಬರ ನೆರವು ಬೇಕು. ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲದ ಅಲುಗಾಟ) ಕಂಡುಬಂದರೆ ಜೊತೆಯವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಅದು ಬೇರಿಂಗಿನ ಪ್ಲೇ. ಹಾಗೆಯೇ ಉಳಿದರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ನಿನದು. ಸ್ಪರ್ಧೆಗೆ ಮುನ್ನ ಸ್ಕ್ರೂಟಿನಿಯಲ್ಲಿ ಅಧಿಕಾರಿಗಳು ಚಕ್ರ ಹಿಡಿದು ಅಲ್ಲಾಡಿಸುವುದೂ ಈ ಪ್ಲೇ ಹುಡುಕುವುದಕ್ಕಾಗಿಯೇ. ಅಲ್ಲಿ ಸಿಕ್ಕಿಬಿದ್ದರೆ ಪ್ರವೇಶ ಶುಲ್ಕವೂ ವ್ಯರ್ಥವಾಗುತ್ತದೆ.

ಬೇರಿಂಗ್ ಎಂದು ಖಚಿತವಾದ ಮೇಲೆ ಉಳಿತಾಯದ ಮುಖ್ಯ ಭಾಗ ಕೂಲಿಯಲ್ಲಿದೆ. ನಕಲನ್ನು ಕಾರಿನಿಂದ ಇಳಿಸುವ ಕೆಲಸ ಉಪಕರಣವಿದ್ದವರಿಗೆ ಒಂದೆರಡು ಗಂಟೆಯದು. ಇಳಿಸಿದ ನಕಲ್ ಮತ್ತು ಹೊಸ ಬೇರಿಂಗನ್ನು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ನೀವೇ ಒಯ್ದರೆ, ಅಲ್ಲಿ ಕೊಡಬೇಕಾದ್ದು ಪ್ರೆಸ್ ಮಾಡುವ ಕೂಲಿಯಷ್ಟೇ. ಆದರೆ ಅಂಗಡಿಯಲ್ಲಿ ನಕಲ್ ಕೊಟ್ಟು ಕಾಫಿಗೆ ಹೋಗಬೇಡಿ, ಪಕ್ಕದಲ್ಲೇ ನಿಂತುಕೊಳ್ಳಿ. ಬೇರಿಂಗನ್ನು ನಕಲ್‌ಗೆ ಕೂರಿಸುವಾಗ ಒತ್ತಡ ಹೊರ ರೇಸಿನ (ಗುಂಡುಗಳು ಉರುಳುವ ಹೊರಗಿನ ಉಂಗುರದ) ಮೇಲೆ ಮಾತ್ರ ಬೀಳಬೇಕು. ಹಬ್ ಅನ್ನು ಬೇರಿಂಗಿಗೆ ಒತ್ತುವಾಗ ಒಳ ರೇಸಿಗೆ ಕೆಳಗಿನಿಂದ ಆಸರೆ ಇರಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ಪ್ರೆಸ್ಸಿನ ಟನ್‌ಗಟ್ಟಲೆ ಬಲ ಗುಂಡುಗಳ ಮೂಲಕ ಹಾದು ಹೋಗುತ್ತದೆ, ಮತ್ತು ಹೊಸ ಬೇರಿಂಗ್ ಕಾರಿಗೆ ಏರುವ ಮೊದಲೇ ಅರ್ಧ ಸತ್ತಿರುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಲವು ವರ್ಷಗಳ ಹಿಂದೆ ನನ್ನ ಕಾರಿಗೆ ಹಾಕಿದ ಹೊಸ ಬೇರಿಂಗ್ ಎರಡೇ ಸ್ಪರ್ಧೆಗಳಲ್ಲಿ ಸದ್ದು ಮಾಡತೊಡಗಿತು. ಕಂಪನಿಯ ಮಾಲು ಸರಿಯಿಲ್ಲವೆಂದು ಬಗೆದು, ಹೊರ ರೇಸನ್ನು ಗ್ರೈಂಡರಿನಿಂದ ಸೀಳಿ, ಗ್ರೀಸನ್ನು ಡೀಸೆಲ್ಲಿನಲ್ಲಿ ತೊಳೆದು ನೋಡಿದೆ. ಗುಂಡುಗಳು ಉರುಳುವ ಹಾದಿಯುದ್ದಕ್ಕೂ, ಗುಂಡಿಗೂ ಗುಂಡಿಗೂ ನಡುವೆ ಎಷ್ಟು ಅಂತರವಿತ್ತೋ ಅಷ್ಟೇ ಅಂತರದಲ್ಲಿ, ಸಾಲಾಗಿ ಸಣ್ಣ ತಗ್ಗುಗಳಿದ್ದವು. ಉಗುರು ಎಳೆದರೆ ಒಂದೊಂದೂ ತಾಗುತ್ತಿತ್ತು. ಓಡಿ ಸವೆದ ಗುರುತು ಹಾಗಿರುವುದಿಲ್ಲ. ಹಬ್ ಒಳಕ್ಕೆ ಹೋಗದಿದ್ದಾಗ ಯಾರೋ ಸುತ್ತಿಗೆಯಿಂದ ಬಡಿದಿದ್ದರು, ಅಷ್ಟೆ. ನಿಮ್ಮ ಮೂರು ಬೇರಿಂಗ್‌ಗಳು ಇಷ್ಟು ಬೇಗ ಹೋಗಲು ಇದೂ ಒಂದು ಕಾರಣವಿರಬಹುದು. ಹಳೆಯವು ಇನ್ನೂ ಇದ್ದರೆ ಒಂದನ್ನು ಸೀಳಿ ನೋಡಿ.

ಹಬ್ ಹೊರಗೆ ಬಂದಾಗ ಬೇರಿಂಗಿನ ಒಳ ರೇಸಿನ ಅರ್ಧ ಭಾಗ ಸಾಮಾನ್ಯವಾಗಿ ಅದರ ಮೇಲೆಯೇ ಉಳಿದುಬಿಡುತ್ತದೆ. ಅದನ್ನು ಪುಲ್ಲರಿನಿಂದ ತೆಗೆಯುವುದು ಉತ್ತಮ. ಗ್ರೈಂಡರ್ ಬಳಸಲೇಬೇಕಾದರೆ ರೇಸಿನ ಮುಕ್ಕಾಲು ದಪ್ಪದವರೆಗೆ ಮಾತ್ರ ಗೀರಿ, ಚಾಣ ಇಟ್ಟು ಬಿರಿಸಬೇಕು. ಹಬ್‌ನ ಮೈಗೆ ಕಲ್ಲು ತಾಗಬಾರದು. ಈಗ ಹಬ್ ಮತ್ತೆ ಬಳಸಲು ಯೋಗ್ಯವೇ ಎಂದು ನೋಡುವ ಸಮಯ. ಬೇರಿಂಗ್ ಕೂರುವ ಕಂಬದ ಭಾಗ ನೀಲಿಗಟ್ಟಿದ್ದರೆ ಅಥವಾ ಕನ್ನಡಿಯಂತೆ ಹೊಳೆಯುತ್ತಾ ಗೀರುಬಿದ್ದಿದ್ದರೆ, ರೇಸ್ ಅದರ ಮೇಲೆ ಸುತ್ತಿದೆ ಎಂದರ್ಥ. ಆ ಹಬ್ ಮುಗಿಯಿತು. ತಟ್ಟೆ ಸೊಟ್ಟಗಾಗಿದೆಯೇ ಎಂಬುದನ್ನು ಡಯಲ್ ಗೇಜ್ ಹೇಳುತ್ತದೆ. ಬಹುತೇಕ ಕಾರುಗಳಲ್ಲಿ ಒಪ್ಪಬಹುದಾದ ಓಲಾಟ 0.05 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ತಟ್ಟೆ ಕಂಬವನ್ನು ಸೇರುವ ತಿರುವಿನಲ್ಲಿ ಮತ್ತು ಸ್ಟಡ್ ತೂತುಗಳ ಸುತ್ತ ಬಿರುಕು ಹುಡುಕಿ. ಬರಿಗಣ್ಣಿಗೆ ಕಾಣದ ಬಿರುಕನ್ನು ಡೈ ಪೆನೆಟ್ರೆಂಟ್ ತೋರಿಸುತ್ತದೆ: ಕೆಂಪು ದ್ರವ ಸಿಂಪಡಿಸಿ, ಒರೆಸಿ, ಮೇಲೆ ಬಿಳಿ ಪುಡಿಯ ಸ್ಪ್ರೇ ಹೊಡೆದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಮೂರು ಡಬ್ಬಿಗಳ ಒಂದು ಸೆಟ್ಟನ್ನು ನಾಲ್ಕೈದು ಜನ ಸೇರಿ ಕೊಂಡರೆ ಬಹಳ ದಿನ ಬರುತ್ತದೆ. ನಕಲ್‌ನ ಗೂಡು ಸಡಿಲವಾಗಿದ್ದರೆ ಪಂಚ್‌ನಿಂದ ಚುಕ್ಕಿ ಹೊಡೆದು ಬಿಗಿ ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ. ಬಿಗಿ ಆದಂತೆ ಕಾಣುತ್ತದೆ, ಆದರೆ ಬೇರಿಂಗ್ ಆ ಚುಕ್ಕಿಗಳ ತುದಿಯ ಮೇಲಷ್ಟೇ ನಿಂತಿರುತ್ತದೆ. ಪೂರ್ತಿ ವೇಗದಲ್ಲಿ ಕಾರನ್ನು ಅಡ್ಡಡ್ಡ ಎಸೆಯುವ ಆಟಕ್ಕೆ ಅದು ಖಂಡಿತ ಸಲ್ಲದು.

ಗುಜರಿ ಮಾಲಿನ ಬಗ್ಗೆ ಕೇಳಿದ್ದೀರಿ. ಹಬ್ ಮತ್ತು ನಕಲ್ ತರಬಹುದು, ಬೇರಿಂಗ್ ತರಬಾರದು. ಬೆಂಗಳೂರಿನ ಶಿವಾಜಿನಗರದಂಥ ಕಡೆ ಇವು ಜೋಡಿಸಿದ ಸ್ಥಿತಿಯಲ್ಲೇ ಸಿಗುತ್ತವೆ. ಆದರೆ ಆ ಕಾರು ಅಲ್ಲಿಗೆ ಬಂದದ್ದು ಅಪಘಾತದಿಂದ ಇರಬಹುದೆಂಬುದನ್ನು ಮರೆಯಬೇಡಿ: ಹಿಂದಿನಿಂದ ಅಥವಾ ಮೇಲಿನಿಂದ ಪೆಟ್ಟು ತಿಂದ ಕಾರಿನ ಮುಂದಿನ ನಕಲ್ ಆರಿಸಿಕೊಳ್ಳಿ, ಮುಂದಿನ ಚಕ್ರಕ್ಕೇ ಪೆಟ್ಟು ಬಿದ್ದ ಕಾರಿನದ್ದನ್ನಲ್ಲ. ನಿಮ್ಮ ಸ್ವಿಫ್ಟಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಮತ್ತು ಇಲ್ಲದ ಮಾದರಿಗಳು ಎರಡೂ ಬಂದಿದ್ದರಿಂದ ನಿಮ್ಮದು ಯಾವುದೆಂದು ತಿಳಿದುಕೊಂಡೇ ಹೋಗಿ. ಹೀಗೆ ತಂದ ಎಡ, ಬಲದ ಒಂದು ಜೋಡಿಗೆ ಹೊಸ ಬೇರಿಂಗ್ ಹಾಕಿಸಿ ಸಿದ್ಧವಾಗಿ ಇಟ್ಟುಕೊಂಡರೆ, ಸ್ಪರ್ಧೆಯ ಹಿಂದಿನ ರಾತ್ರಿ ಸದ್ದು ಕೇಳಿಸಿದಾಗ ದುಪ್ಪಟ್ಟು ಹಣ ತೆತ್ತು ಆತುರದ ಕೆಲಸ ಮಾಡಿಸುವ ಪ್ರಸಂಗ ಬರುವುದಿಲ್ಲ. ನನ್ನ ಮಟ್ಟಿಗೆ ಇದೇ ಅತಿ ದೊಡ್ಡ ಉಳಿತಾಯ.

ಬೇರಿಂಗಿನಲ್ಲಿ ಮಾತ್ರ ಹೆಸರಿಲ್ಲದ ಮಾಲಿಗೆ ಹೋಗಬೇಡಿ. ಕಾರ್ ಕಂಪನಿಯ ಪೊಟ್ಟಣದಲ್ಲಿ ಬರುವ ಬೇರಿಂಗನ್ನು ತಯಾರಿಸುವುದು ಬೇರಿಂಗ್ ಕಂಪನಿಗಳೇ. ಹಳೆಯದರ ರೇಸಿನ ಮೇಲೆ ಕೊರೆದಿರುವ ಹೆಸರು ಮತ್ತು ನಂಬರನ್ನು ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ಕೇಳಿದರೆ ಅದೇ ಮಾಲು ಅನೇಕ ವೇಳೆ ಕಡಿಮೆ ಬೆಲೆಗೆ ದೊರೆಯುತ್ತದೆ. ಎನ್‌ಬಿಸಿ, ಎಸ್‌ಕೆಎಫ್, ಎಫ್‌ಎಜಿ, ಎನ್‌ಟಿಎನ್ ಮುಂತಾದ ಹೆಸರುಗಳಿಗೆ ನಕಲಿ ಮಾಲಿನ ಕಾಟವೂ ಇದೆ. ಎಸ್‌ಕೆಎಫ್ ಹಾಗೂ ಶೆಫ್ಲರ್ (ಇದು ಎಫ್‌ಎಜಿಯ ಮಾತೃಸಂಸ್ಥೆ), ಮಾಲು ಅಸಲಿಯೇ ಎಂದು ಪರೀಕ್ಷಿಸಲು ಮೊಬೈಲ್ ಆ್ಯಪ್ ಇಟ್ಟಿವೆ, ಅಂಗಡಿಯಲ್ಲೇ ಬಳಸಿ ನೋಡಿ. ಎಬಿಎಸ್ ಇರುವ ಕೆಲವು ಕಾರುಗಳಲ್ಲಿ ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಕಾಂತದ ಉಂಗುರ ಅಡಗಿರುತ್ತದೆ. ಆ ಬದಿ ಸೆನ್ಸರಿನ ಕಡೆಗೇ ಬರಬೇಕು. ತಿರುವುಮುರುವಾಗಿ ಪ್ರೆಸ್ ಮಾಡಿದರೆ ಎಬಿಎಸ್ ಕೆಲಸ ಮಾಡುವುದಿಲ್ಲ, ಹೊರತೆಗೆದರೆ ಬೇರಿಂಗ್ ಉಳಿಯುವುದಿಲ್ಲ.

ಡ್ರೈವ್ ಶಾಫ್ಟಿನ ತುದಿಯ ನಟ್ ಕೂಡ ಉಳಿತಾಯದ ಜಾಗವಲ್ಲ. ಅದರ ಅಂಚನ್ನು ಶಾಫ್ಟಿನ ತೋಡಿಗೆ ಬಡಿದು ಬಂಧಿಸಿರುತ್ತಾರೆ, ಆದ್ದರಿಂದ ಪ್ರತಿ ಸಲ ಹೊಸದೇ ಬೇಕು. ಬೇರಿಂಗಿನ ಒಳ ರೇಸಿನ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು ಈ ನಟ್ಟೇ. ಅದನ್ನು ಏರ್ ಗನ್‌ನಿಂದ ಅಂದಾಜಿಗೆ ಬಿಗಿಯದೆ, ಕೈಪಿಡಿ ಹೇಳಿದಷ್ಟಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಿರಿ; ಬಿಗಿಯುವ ಮೊದಲು ಕಾರಿನ ಭಾರ ಚಕ್ರದ ಮೇಲೆ ಬೀಳದಿರಲಿ.

ಕೊನೆಯದಾಗಿ, ಸ್ಪರ್ಧೆ ಮುಗಿದ ಕೂಡಲೇ ಕೆಸರು ತೊಳೆಯುವ ಅಭ್ಯಾಸವಿದ್ದರೆ ಬಿಡಿ. ಓಟದಿಂದ ಬಂದ ಹಬ್ ಬಿಸಿಯಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದಾಗ ಗಾಳಿ ಕುಗ್ಗಿ, ಸೀಲಿನ ತುಟಿಯ ಮೂಲಕ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಅರ್ಧ ಗಂಟೆ ಆರಲು ಬಿಟ್ಟು, ಪ್ರೆಷರ್ ವಾಷರಿನ ಧಾರೆಯನ್ನು ಸೀಲಿಗೆ ನೇರವಾಗಿ ಹಿಡಿಯದೆ ತೊಳೆಯಿರಿ.

ಪ್ರಶ್ನೆ: ಆಟೊಕ್ರಾಸಿನಲ್ಲಿ ಕಾರು ಅಗಲವಾಗಿ ನಿಲ್ಲಲೆಂದು ಮುಂದಿನ ಚಕ್ರಗಳಿಗೆ 25 ಮಿಲಿಮೀಟರಿನ ಸ್ಪೇಸರ್ (ಹಬ್ ಮತ್ತು ಚಕ್ರದ ನಡುವಿನ ಬಿಲ್ಲೆ) ಹಾಕಿದ್ದೇನೆ. ಆಮೇಲೆ ಬೇರಿಂಗ್ ಬೇಗ ಹೋಗುತ್ತಿದೆ, ಒಂದು ಸ್ಟಡ್ ಕೂಡ ಮುರಿಯಿತು. ಗಟ್ಟಿಯಾದ ಹಬ್ ಎಲ್ಲಿ ಸಿಗುತ್ತದೆ?
– ಒಬ್ಬ ಓದುಗ, ಮಂಗಳೂರು

ಉತ್ತರ: ಗಟ್ಟಿ ಹಬ್ ಹುಡುಕುವ ಮೊದಲು ಸ್ಪೇಸರ್ ತೆಗೆಯಿರಿ, ಅದಕ್ಕೆ ಖರ್ಚೇ ಇಲ್ಲ. ಗುಂಡಿನ ಬೇರಿಂಗಿನ ಆಯುಸ್ಸು ಅದರ ಮೇಲಿನ ಭಾರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಭಾರ ಕಾಲು ಪಾಲು ಹೆಚ್ಚಾದರೆ ಆಯುಸ್ಸು ಸರಿಸುಮಾರು ಅರ್ಧಕ್ಕೆ ಬರುತ್ತದೆ, ಇಮ್ಮಡಿಯಾದರೆ ಎಂಟನೇ ಒಂದು ಪಾಲು ಮಾತ್ರ ಉಳಿಯುತ್ತದೆ. ಚಕ್ರವನ್ನು ಹೊರಕ್ಕೆ ತಳ್ಳಿದಷ್ಟೂ ಬೇರಿಂಗಿನ ಮೇಲೆ ಸನ್ನೆಗೋಲಿನ ಬಲ ಬೆಳೆಯುತ್ತದೆ. ಆಫ್‌ಸೆಟ್ ಕಡಿಮೆ ಇರುವ, ಅಂದರೆ ಹೊರಕ್ಕೆ ಚಾಚಿ ನಿಲ್ಲುವ, ಅಗಲದ ರಿಮ್ ಕೂಡ ಇದನ್ನೇ ಮಾಡುತ್ತದೆ.

ಒಂದು ಸ್ಟಡ್ ಮುರಿದ ಹಬ್‌ನಲ್ಲಿ ಉಳಿದವೂ ಹೆಚ್ಚು ಹೊರೆ ಹೊತ್ತಿರುತ್ತವೆ. ಎಲ್ಲವನ್ನೂ ಬದಲಿಸಿ, ಹಬ್ ಬದಲಿಸುವ ಅಗತ್ಯವಿಲ್ಲ. ಆದರೆ ಹಬ್ ಕಾರಿನ ಮೇಲಿರುವಾಗ ಸ್ಟಡ್ಡಿಗೆ ಸುತ್ತಿಗೆ ಏಟು ಹಾಕಿದರೆ ಆ ಏಟನ್ನೆಲ್ಲ ಬೇರಿಂಗ್ ತಿನ್ನುತ್ತದೆ, ಆದ್ದರಿಂದ ಹಳೆಯದನ್ನು ಒತ್ತಿ ತೆಗೆಯುವ ಪುಲ್ಲರ್ ಬಳಸಿ, ಹೊಸದನ್ನು ವಾಷರ್ ಮತ್ತು ಹಳೆಯ ನಟ್‌ನಿಂದ ಎಳೆದು ಕೂರಿಸಿ. ಕಾರು ಯಾವುದೆಂದು ನೀವು ಬರೆದಿಲ್ಲ. ಸ್ವಿಫ್ಟಿನ ಸ್ಟಡ್ ಎಂ12 (12 ಮಿಲಿಮೀಟರ್ ದಪ್ಪ), 1.25ರ ಮರೆ (ಸುರುಳಿಯಿಂದ ಸುರುಳಿಗೆ ಅಂತರ, ಮಿಲಿಮೀಟರಿನಲ್ಲಿ), ಹೋಂಡಾ ಸಿಟಿಯದು ಎಂ12, 1.5ರ ಮರೆ. ಗೆಳೆಯರ ಕಾರಿನಿಂದ ನಟ್ ಎರವಲು ಪಡೆದಾಗ ಎರಡು ಸುತ್ತು ಕೈಯಲ್ಲಿ ಹೋಗಿ ನಿಂತುಬಿಡುವುದು ಇದರಿಂದಲೇ. ಅದನ್ನೇ ಏರ್ ಗನ್‌ನಿಂದ ಬಲವಂತವಾಗಿ ಹತ್ತಿಸಿದವರ ಸ್ಟಡ್‌ಗಳು ಮುಂದಿನ ಸ್ಪರ್ಧೆಯಲ್ಲಿ ಮುರಿದಿವೆ.

ಪ್ರಶ್ನೆ: ನಮ್ಮದು ಜಿಪ್ಸಿ. ಮುಂದಿನ ಹಬ್‌ನಲ್ಲಿ ಪ್ಲೇ ಬಂದಿದೆ, ಹೊಸ ಹಬ್ ತರಿಸಬೇಕೆ?
– ಒಬ್ಬ ಓದುಗ, ಸಕಲೇಶಪುರ

ಉತ್ತರ: ಬಹುಶಃ ಏನನ್ನೂ ತರಿಸಬೇಕಾಗಿಲ್ಲ. ಜಿಪ್ಸಿಯ ಮುಂದಿನ ಹಬ್ ಎರಡು ಟೇಪರ್ ರೋಲರ್ (ಗುಂಡಿನ ಬದಲು ಓರೆಯಾದ ಉರುಳೆಗಳಿರುವ) ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಇವುಗಳನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸ್ ತುಂಬಿ, ನಟ್‌ನಿಂದ ಬಿಗಿತ ಹೊಂದಿಸಬಹುದು. ಸ್ಟಡ್ಡಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಹಬ್ ತಿರುಗಲು ಆರಂಭಿಸುವಾಗ ಬೇಕಾಗುವ ಬಲವನ್ನು ಕೈಪಿಡಿಯ ಅಳತೆಗೆ ಹೋಲಿಸಿ ಹೊಂದಿಸುವುದು ಸರಿಯಾದ ಕ್ರಮ. ರೋಲರಿನ ಮೈ ಬೂದು ನಯವಾಗಿದ್ದರೆ ಅದೇ ಸಾಕು. ಕಲೆ ಅಥವಾ ಚಕ್ಕೆ ಎದ್ದ ಗುರುತಿದ್ದರೆ ಬೇರಿಂಗನ್ನು ಹೊರ ರೇಸಿನ ಸಮೇತ ಬದಲಿಸಿ. ಗ್ರೀಸ್ ಎಣ್ಣೆಯಂತೆ ತೆಳುವಾಗಿದ್ದರೆ ಒಳಗಿನ ಆಕ್ಸಲ್ ಸೀಲ್ ಸೋರಿ ಡಿಫರೆನ್ಷಿಯಲ್ ಆಯಿಲ್ ನಕಲ್‌ಗೆ ಬರುತ್ತಿದೆ. ಆಗ ಮೊದಲು ಆ ಸೀಲ್ ಬದಲಿಸಿ.

ಪ್ರಶ್ನೆ: ನಾನಿಲ್ಲಿ 1994ರ ಮಜ್ದಾ ಮಿಯಾಟಾ ಕಾರಿನಲ್ಲಿ ಎಸ್‌ಸಿಸಿಎ (ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್) ನಡೆಸುವ ಸೋಲೊ ಆಟೊಕ್ರಾಸ್ ಓಡಿಸುತ್ತೇನೆ. ಮುಂದಿನ ಹಬ್ ಸದ್ದು ಮಾಡುತ್ತಿದೆ. ಕೆಲವರು ಆಜೀವ ವಾರಂಟಿಯ ಅಗ್ಗದ ಹಬ್ ಹಾಕಿ, ಹೋದಾಗಲೆಲ್ಲ ಬದಲಿಸಿಕೊಳ್ಳಿ ಎನ್ನುತ್ತಾರೆ. ಇನ್ನು ಕೆಲವರು ರೇಸಿಂಗ್ ಗ್ರೀಸ್ ತುಂಬಿಸಿ ಎನ್ನುತ್ತಾರೆ. ಯಾವುದು ಲಾಭ?
– ಒಬ್ಬ ಕನ್ನಡಿಗ, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮ ಕಾರಿನ ಮುಂದಿನ ಮತ್ತು ಹಿಂದಿನ ಹಬ್‌ಗಳ ರಚನೆ ಬೇರೆ ಬೇರೆಯಾದ್ದರಿಂದ ಉಳಿತಾಯದ ದಾರಿಯೂ ಬೇರೆ. ಮುಂದೆ ಬೇರಿಂಗ್ ಮತ್ತು ಹಬ್ ಒಂದೇ ಘಟಕ. ಅದು ಸ್ಪಿಂಡಲ್ ಮೇಲೆ ಜಾರಿ ಕೂರುತ್ತದೆ, ಒಂದೇ ನಟ್ ಅದನ್ನು ಹಿಡಿದಿಡುತ್ತದೆ. ಬೇರಿಂಗನ್ನು ಮಾತ್ರ ಬದಲಿಸುವ ಅವಕಾಶ ಇಲ್ಲಿಲ್ಲ, ಪ್ರೆಸ್ ಕೂಡ ಬೇಕಿಲ್ಲ. ಆದ್ದರಿಂದ ಕೆಲಸವನ್ನು ನೀವೇ ಮಾಡಿ, ಉಳಿದ ಕೂಲಿಯನ್ನು ಒಳ್ಳೆಯ ಘಟಕಕ್ಕೆ ಹಾಕಿ. ನಟ್ 29 ಮಿಲಿಮೀಟರಿನದು. ಅದನ್ನು 167ರಿಂದ 215 ನ್ಯೂಟನ್ ಮೀಟರ್ ಬಿಗಿತಕ್ಕೆ ತಂದು, ಅಂಚನ್ನು ತೋಡಿಗೆ ಬಡಿದು ಬಂಧಿಸಬೇಕು. ಇಲ್ಲಿಯೂ ಹೊಸ ನಟ್ಟೇ ಬೇಕು. ನಿಮ್ಮ ಕಾರಿನಲ್ಲಿ ಎಬಿಎಸ್ ಇದ್ದರೆ ಹಲ್ಲಿನ ಉಂಗುರವಿರುವ ಹಬ್ ಕೇಳಿ ಪಡೆಯಿರಿ.

ಹೆಚ್ಚು ಉಷ್ಣ ತಡೆಯುವ ಗ್ರೀಸ್ ತುಂಬಿಸುವ ಸಲಹೆ ಬಂದದ್ದು ರೇಸ್ ಟ್ರ್ಯಾಕಿನವರಿಂದ. ಅಲ್ಲಿ ಇಪ್ಪತ್ತು, ಮೂವತ್ತು ನಿಮಿಷ ಬಿಡದೆ ಬ್ರೇಕ್ ಕಾಯುವುದರಿಂದ ಹಬ್‌ನ ಗ್ರೀಸ್ ಕರಗಿ ಹರಿಯುತ್ತದೆ. ನಿಮ್ಮ ಪಾರ್ಕಿಂಗ್ ಮೈದಾನದ ಓಟ ಸುಮಾರು ಒಂದು ನಿಮಿಷದ್ದು, ನಡುವೆ ಆರಲು ಸಮಯವೂ ಇದೆ. ಬಿಸಿಗಿಂತ ಅಂಟು ಟೈರುಗಳಿಂದ ಬರುವ ಅಡ್ಡ ಬಲವೇ ನಿಮ್ಮ ಬೇರಿಂಗನ್ನು ತಿನ್ನುತ್ತಿರುವುದು, ಅದಕ್ಕೆ ಗ್ರೀಸ್ ಮದ್ದಲ್ಲ. ಆ ಹಣ ಉಳಿಸಿ.

ವಾರಂಟಿಯ ದಾರಿಯನ್ನು ನಾನು ಒಪ್ಪುವುದಿಲ್ಲ. ಸ್ಪರ್ಧೆಗೆ ಬಳಸಿದ ಭಾಗಕ್ಕೆ ವಾರಂಟಿ ಸಲ್ಲದೆಂದು ಅನೇಕ ಕಡೆ ಷರತ್ತಿನಲ್ಲೇ ಬರೆದಿರುತ್ತದೆ. ಅದನ್ನು ಮುಚ್ಚಿಟ್ಟು ಹೊಸದು ಪಡೆಯುವುದು ಸುಳ್ಳು ಹೇಳಿ ಪಡೆದಂತೆ. ಅದಿರಲಿ, ಹೋದಾಗ ಬದಲಿಸುವುದು ಎಂದರೆ ಪ್ರತಿ ಸಲವೂ ಅದು ಹೋಗುವವರೆಗೆ ಓಡಿಸುವುದು ಎಂದೇ ಅರ್ಥವಲ್ಲವೆ?

ಹಿಂದಿನ ಚಕ್ರಗಳಲ್ಲಿ ಸದ್ದು ಬಂದಾಗ ಲೆಕ್ಕ ಬದಲಾಗುತ್ತದೆ. ಅಲ್ಲಿ ನಿಮ್ಮ ಕಾರೂ ಚಿಕ್ಕಮಗಳೂರಿನ ಓದುಗರ ಸ್ವಿಫ್ಟಿನಂತೆಯೇ: ಬೇರಿಂಗ್ ಬೇರೆ, ಹಬ್ ಬೇರೆ, ಎರಡೂ ಪ್ರೆಸ್ ಮಾಡಿದವು. ಬೇರಿಂಗ್ ಮಾತ್ರ ಕೊಳ್ಳಿ. ಅಲ್ಲಿನ ದೊಡ್ಡ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟುಕೊಂಡು ಬೇರಿಂಗ್ ಪುಲ್ಲರ್ ಮತ್ತು ಪ್ರೆಸ್ ಕಿಟ್ ಕೊಡುತ್ತವೆ. ಉಪಕರಣ ಹಿಂತಿರುಗಿಸಿದಾಗ ಠೇವಣಿಯೂ ಹಿಂದಕ್ಕೆ ಬರುತ್ತದೆ. ಒಳ ರೇಸಿಗೆ ಆಸರೆ ಕೊಡುವ ತಟ್ಟೆ ಆ ಕಿಟ್ಟಿನಲ್ಲಿದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿಕೊಂಡು ತನ್ನಿ.